ಅಪ್ಪಯ್ಯ ಹಾಕ್ಸಿದ ಕ್ರೋಮ್ ಪಟ್ಟಿ, ಕ್ಯಾರಿಯರ್, ಹಳದಿ ಲೈಟು: 1972ರ ಫಿಯೆಟ್‌ನಲ್ಲಿ ಯಾವ್ದು ಇಟ್ಕೊಳ್ಳೋದು, ಯಾವ್ದು ಬಿಚ್ಚೋದು?

ಕೋಡಿಬಾಗ ಫಿಯೆಟ್ (ಕಾರವಾರ):

ಎಲ್ರಿಗೂ ನಮಸ್ಕಾರ. ನಮ್ಮನೇಲಿ 1972ರ ಫಿಯೆಟ್ 1100 ಡಿಲೈಟ್ ಇದೆ, ಅಂದ್ರೆ ಪ್ರೆಸಿಡೆಂಟ್, ಪದ್ಮಿನಿ ಅಂತ ಹೆಸರು ಬರೋಕೂ ಮುಂಚಿಂದು, ಅಪ್ಪಯ್ಯ 1981ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಪ್ಪಯ್ಯ ಹೋಗಿ ಮೂರು ವರ್ಷ ಆಯ್ತು. ಅಲ್ಲಿಂದ ಗಾಡಿ ಶೆಡ್‌ನಲ್ಲೇ ಇತ್ತು, ಈಗ ಈ ಮಳೆಗಾಲ ಮುಗಿದ ಮೇಲೆ ಪೂರ್ತಿ ಟಿಂಕರಿಂಗ್ ಪೇಂಟಿಂಗ್ ಮಾಡ್ಸೋದು ಅಂತ ನಾನೂ ತಂಗಿನೂ ಸೇರಿ ನಿರ್ಧಾರ ಮಾಡಿದೀವಿ.

ಸಮಸ್ಯೆ ಏನಂದ್ರೆ ಗಾಡಿ ಕಂಪನಿಯಿಂದ ಬಂದ ಹಾಗೆ ಇಲ್ಲ. ಅಪ್ಪಯ್ಯಂಗೆ ಅದಕ್ಕೆ ಏನಾದ್ರೂ ಹಾಕ್ಸೋದು ಅಂದ್ರೆ ಭಾಳ ಖುಷಿ, ಸಂಬಳದಲ್ಲಿ ಸ್ವಲ್ಪ ಉಳಿದ್ರೆ ಹುಬ್ಬಳ್ಳಿಗೆ ಹೋದಾಗ ಏನೋ ಒಂದು ತರ್ತಿದ್ರು. ನಾಲ್ಕೂ ಮಡ್‌ಗಾರ್ಡ್ ಅಂಚಿಗೆ ಕ್ರೋಮ್ ಪಟ್ಟಿ, ಬಾಗಿಲ ಮೇಲೆ ಉದ್ದಕ್ಕೆ ಬೀಡಿಂಗ್, ಮೇಲೆ ಕಬ್ಬಿಣದ ಕ್ಯಾರಿಯರ್, ಮುಂದೆ ಎರಡು ಹಳದಿ ಫಾಗ್ ಲೈಟ್, ಬಂಪರ್‌ಗೆ ಪೈಪಿನ ಗಾರ್ಡ್ (ಅಂಕೋಲೆ ಹತ್ರ ಎಮ್ಮೆ ಅಡ್ಡ ಬಂದ ಮೇಲೆ ಹಾಕ್ಸಿದ್ದು), ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ಫ್ಯಾನು, ಅದರ ಪಕ್ಕ ಒಳಗೆ ಲೈಟ್ ಹತ್ತೋ ಗಣಪತಿ, ಟೈರಿಗೆ ಬಿಳಿ ರಬ್ಬರ್ ರಿಂಗು, ಮ್ಯೂಸಿಕ್ ಹಾರ್ನು, ಹಿಂದಿನ ಗ್ಲಾಸಿಗೆ ಆಯಿ ಕೈಯಾರೆ ಹೊಲಿದ ಪರದೆ.

ಆಯಿ ತವರು ಶಿರಸಿ ಕಡೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ, ಮತ್ತೆ ಬೇಸಿಗೆ ರಜೆಗೆ ಇದೇ ಗಾಡೀಲಿ ಕುಮಟಾ ಮೇಲಿಂದ ದೇವಿಮನೆ ಘಾಟ್ ಹತ್ತಿ ಹೋಗ್ತಿದ್ವಿ, ವಾಪಸ್ ಬರುವಾಗ ಕ್ಯಾರಿಯರ್ ಮೇಲೆ ಅಜ್ಜನ ಮನೆ ಅಡಿಕೆ ಚೀಲ, ಬಾಳೆಗೊನೆ, ಅಪ್ಪೆಮಿಡಿ ಬುಟ್ಟಿ. ಕಾಳಿ ನದಿ ಹಳೇ ಸೇತುವೆ ಮೇಲೆ ಗಾಡಿ ನಿಲ್ಸಿ ತೆಗೆದ ಒಂದು ಫೋಟೋ ಇದೆ, 2024ರ ಆಗಸ್ಟಲ್ಲಿ ಕುಸಿದು ಬಿತ್ತಲ್ಲ ಅದೇ ಸೇತುವೆ. ಆ ಫೋಟೋದಲ್ಲಿ ಕ್ಯಾರಿಯರ್, ಹಳದಿ ಲೈಟು, ಕ್ರೋಮ್ ಪಟ್ಟಿ ಎಲ್ಲ ಇದಾವೆ, ನನ್ನ ನೆನಪಲ್ಲಿ ಗಾಡಿ ಅಂದ್ರೆ ಅದೇ ರೂಪ.

ಈಗ ಪೇಂಟರ್ ಹೇಳೋದು, ಇದೆಲ್ಲ ಕಿತ್ತು ಹಾಕಿ, ತೂತು ಮುಚ್ಚಿ, ಒರಿಜಿನಲ್ ಮಾಡುವ, ಬೆಲೆ ಬರ್ತದೆ ಅಂತ. ಆಯಿ ಒಂದೇ ಮಾತು ಹೇಳಿದ್ರು, "ಅವ್ರು ಹಾಕ್ಸಿದ್ದು ತೆಗೆದ್ರೆ ಅದು ಅವ್ರ ಕಾರಾಗಿ ಉಳೀತದಾ?" ನಂಗೆ ಅದಕ್ಕೆ ಉತ್ತರ ಗೊತ್ತಿಲ್ಲ. ಮಾರೋ ವಿಚಾರ ಇಲ್ವೇ ಇಲ್ಲ. ಆದ್ರೆ ಗಾಡಿ ಇನ್ನೂ ಮೂವತ್ತು ವರ್ಷ ಬಾಳಬೇಕು, ವಿಂಟೇಜ್ ಅಂತ ರಿಜಿಸ್ಟ್ರೇಶನ್ ಮಾಡ್ಸಬಹುದು ಅಂತಾನೂ ಕೇಳಿದೀನಿ. ಅನುಭವ ಇದ್ದವ್ರು ದಯವಿಟ್ಟು ಹೇಳಿ.

ಬನವಾಸಿ ರೋಡ್ (ಶಿರಸಿ):

ನಾನು ಮಾವನ ಅಂಬಾಸಿಡರ್ ಒಂದನ್ನ ಪೂರ್ತಿ ಬಿಚ್ಚಿ ಕಟ್ಟಿದವ, ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ ಅನ್ನಿಸ್ಬಹುದು, ಬೇಜಾರ್ ಮಾಡ್ಕೋಬೇಡಿ. ನನ್ನ ಪ್ರಕಾರ ಒರಿಜಿನಲ್ಲೇ ಸರಿ. ಆ ಫಿಯೆಟ್‌ನ ಗೆರೆ ನೋಡಿ ಒಂದ್ಸಲ, ಹೆಡ್‌ಲೈಟ್ ಮೇಲಿಂದ ಹೊರಟು ಹಿಂದಿನ ಲೈಟ್ ತನಕ ಎಷ್ಟು ಚೊಕ್ಕ ಇದೆ. ಅದರ ಅಡ್ಡ ಪೇಟೇಲಿ ಸಿಗೋ ಹೊಳೆಯೋ ಪಟ್ಟಿ ಅಂಟಿಸಿದ್ರೆ ಚಂದದ ಮುಖಕ್ಕೆ ಅಗತ್ಯಕ್ಕಿಂತ ಹೆಚ್ಚು ಪೌಡರ್ ಹಚ್ಚಿದ ಹಾಗೆ. ಕಂಪನಿ ಕೊಟ್ಟ ಗ್ರಿಲ್, ಬಂಪರ್, ಬಾಗಿಲ ಹಿಡಿ ಇವುಗಳ ಕ್ರೋಮ್ ಚೆನ್ನಾಗಿ ಮಾಡ್ಸಿದ್ರೆ ಬೇರೆ ಏನೂ ಬೇಡ.

ವಿಂಟೇಜ್ ವಿಷ್ಯ ಹೇಳ್ತೀನಿ, ಇದು ನಾನೇ ಓಡಾಡಿ ತಿಳ್ಕೊಂಡಿದ್ದು. 2021ರ ಜುಲೈಯಲ್ಲಿ ಕೇಂದ್ರದ ನಿಯಮ ಬಂತು. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿ ಇರಬೇಕು, ಮೂಲ ರೂಪದಲ್ಲಿ ಇರಬೇಕು, ಚಾಸಿ (ಗಾಡಿ ಹೊರೋ ಕೆಳಗಿನ ಚೌಕಟ್ಟು), ಬಾಡಿ, ಎಂಜಿನ್ ಇಂಥದ್ದೆಲ್ಲ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹೊಸದಾಗಿ ಮಾಡ್ಸೋರಿಗೆ 20,000 ರೂಪಾಯಿ, 10 ವರ್ಷಕ್ಕೆ ಆಯ್ತು, ಆಮೇಲೆ ರಿನೀವಲ್‌ಗೆ 5,000. ಹೊಸ ನಂಬರಾದ್ರೆ ರಾಜ್ಯದ ಅಕ್ಷರ ಆದ್ಮೇಲೆ ವಿಎ ಅಂತ ಬರ್ತದೆ, ಮೊದಲೇ ರಿಜಿಸ್ಟರ್ ಆಗಿರೋ ಗಾಡಿಗೆ ಹಳೇ ನಂಬರೇ ಇಟ್ಕೊಳ್ಳೋಕೆ ಅವಕಾಶ ಇದೆ. ಕ್ರೋಮ್ ಪಟ್ಟಿ, ಗಣಪತಿ ಇದ್ದದ್ದಕ್ಕೆ ಯಾರೂ ರಿಜೆಕ್ಟ್ ಮಾಡ್ಲಿಕ್ಕಿಲ್ಲ, ಆದ್ರೂ ಇನ್ಸ್‌ಪೆಕ್ಷನ್‌ಗೆ ನಿಂತಾಗ ಗಾಡಿ ಎಷ್ಟು ಮೂಲಕ್ಕೆ ಹತ್ರ ಇರ್ತದೋ ಅಷ್ಟು ಒಳ್ಳೇದು.

ಆದ್ರೆ ಒಂದು ಮಾತು ಸರಿಯಾಗಿ ಕೇಳಿಸ್ಕೊಳ್ಳಿ, ವಿಂಟೇಜ್ ಅಂತ ಮಾಡ್ಸಿದ ಗಾಡೀನ ದಿನಾ ಓಡ್ಸೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ಪೆಟ್ರೋಲ್ ಹಾಕ್ಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಆಯಿನ ಕೂರಿಸ್ಕೊಂಡು ಶಿರಸಿ ಜಾತ್ರೆಗೆ ಬರೋ ಆಸೆ ಇದ್ರೆ ಮಾಮೂಲಿ ಆರ್‌ಸಿ ಐದೈದು ವರ್ಷಕ್ಕೆ ರಿನೀವಲ್ ಮಾಡ್ಸಿಕೊಂಡು ಹೋಗೋದೇ ಸೈ.

ಕುಮಟಾ ಟಿಂಕರ್:

ತಮ್ಮಾ, ನಾನು ಓದಿದ್ದು ಕಮ್ಮಿ, ಈ ಕರಾವಳೀಲಿ ಹಳೇ ಗಾಡಿ ತಗಡು ಬಡಿದಿದ್ದು ಮಾತ್ರ ಮೂವತ್ತು ವರ್ಷದ ಮೇಲಾಯ್ತು. ಒರಿಜಿನಲ್ಲು, ಚಂದ, ಬೆಲೆ ಇದೆಲ್ಲ ಆಮೇಲೆ. ಮೊದ್ಲು ಪ್ರತಿಯೊಂದು ಸಾಮಾನಿನ ಹಿಂದೆ ನೀರು ನಿಲ್ತದಾ ಅಂತ ನೋಡು. ನಿಂದು ಕೋಡಿಬಾಗ ಅಂದ್ರೆ ಸಮುದ್ರ ಎಷ್ಟು ದೂರ, ಗಾಳೀಲೇ ಉಪ್ಪು, ಅದರ ಮೇಲೆ ವರ್ಷಕ್ಕೆ 3000 ಮಿಲಿಮೀಟರ್ ಹತ್ರ ಮಳೆ. ಫಿಯೆಟ್‌ಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ತಗಡು ಕೊಳೀತು ಅಂದ್ರೆ ಗಾಡಿಯ ಬೆನ್ನುಮೂಳೆ ಹೋಯ್ತು ಅಂತಲೇ.

ಮಡ್‌ಗಾರ್ಡ್ ಅಂಚಿನ ಪಟ್ಟಿ ಎಲ್ಲಕ್ಕಿಂತ ಕೆಟ್ಟದ್ದು. ಚಕ್ರ ಎರಚಿದ ಉಪ್ಪಿನ ಕೆಸರು ಪಟ್ಟಿಗೂ ತಗಡಿಗೂ ನಡುವೆ ಹೋಗಿ ಕೂರ್ತದೆ, ಹೊರಗಿಂದ ನೀನು ತಿಕ್ಕಿ ತೊಳೆದು ಪಾಲಿಶ್ ಹೊಡೀತಾ ಇರ್ತೀ, ಒಳಗೆ ಅದು ಜೂನಿಂದ ಅಕ್ಟೋಬರ್ ತನಕ ಒಣಗೋದೇ ಇಲ್ಲ. ಸ್ಕ್ರೂ ಹೊಡೆದ ತೂತಿನಿಂದ ತುಕ್ಕು ಸುರು. ನಾನು ಬಿಚ್ಚಿದ ಎಷ್ಟೋ ಗಾಡೀಲಿ ಪಟ್ಟಿ ಮಾತ್ರ ಗಟ್ಟಿ ಇತ್ತು, ಹಿಂದಿನ ತಗಡು ಹಪ್ಪಳದ ಹಾಗೆ ಕೈಗೇ ಬಂತು. ಬಾಗಿಲ ಬೀಡಿಂಗೂ ಅದೇ ಜಾತಿ, ಸ್ವಲ್ಪ ನಿಧಾನ ಅಷ್ಟೆ.

ಕ್ಯಾರಿಯರ್ ಕಾಲು ನಿಲ್ಲೋದು ಮೇಲಿನ ಗಟರ್ ಪಟ್ಟಿ ಮೇಲೆ, ಮಳೆನೀರು ಹರಿಯೋ ಕಾಲುವೆ ಇದೆಯಲ್ಲ ಅದು. ಕ್ಲ್ಯಾಂಪ್ ಬಿಗಿದ ಕಡೆ ಪೇಂಟ್ ಏಳ್ತದೆ, ಗಟರಿನ ಸೀಲರ್ ಬಿರುಕು ಬಿಡ್ತದೆ, ನೀರು ಒಳಗಿಳಿದು ಕಂಬದ ಒಳಗಿಂದ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್‌ಗೆ ಬಂದು ನಿಲ್ತದೆ. ತೂತು ಕೆಳಗೆ ಕಾಣ್ಸಿಕೊಳ್ತದೆ, ಕಾರಣ ಮೇಲೆ ಇರ್ತದೆ. ಇದನ್ನ ಎಷ್ಟು ಜನ ಟಿಂಕರಿಂಗ್ ಮಾಡೋರೇ ಹಿಡಿಯೋದಿಲ್ಲ, ಕೆಳಗೆ ಪ್ಯಾಚ್ ಹೊಡೆದು ಪುಟ್ಟಿ ಎಳೆದು ಕಳ್ಸ್ತಾರೆ, ಎರಡು ಮಳೆಗಾಲಕ್ಕೆ ಮತ್ತೆ ಬರ್ತದೆ.

ಒಳಗೆ ರಬ್ಬರ್ ಮ್ಯಾಟ್ ಹಾಕಿದ್ದು ಇದೆಯಾ? ನೀನು ಬರೀಲಿಲ್ಲ. ಇದ್ರೆ ಅದರ ಕೆಳಗೆ ನಾರಿನ ಕಾರ್ಪೆಟ್ ಇರ್ತದೆ, ಮೊದ್ಲು ಅದನ್ನ ಎತ್ತಿ ಫ್ಲೋರ್ ನೋಡು. ಬಿಳಿ ರಬ್ಬರ್ ರಿಂಗಿಗೆ ಈಗ ರೇಡಿಯಲ್ ಟೈರ್ ಹಾಕಿದ್ರೆ ಅದರ ಪಕ್ಕದ ಗೋಡೆ ಮೆತ್ತಗೆ, ಓಡುವಾಗ ಬಾಗ್ತಾ ಇರ್ತದೆ, ರಿಂಗು ಉಜ್ಜಿ ಉಜ್ಜಿ ಟೈರನ್ನೇ ತಿಂದ್ಬಿಡ್ತದೆ. ಅದನ್ನ ತೆಗೆದ್ಬಿಡು.

ಆದ್ರೆ ಎಲ್ಲ ತೆಗೆದು ಗುಜರಿಗೆ ಹಾಕು ಅಂತ ನಾನು ಹೇಳೋದಿಲ್ಲ. ಮುಂದಿನ ಹಳದಿ ಲೈಟಿಗೆ ಬ್ರಾಕೆಟ್ ಬಂಪರ್ ಬೋಲ್ಟಲ್ಲೇ ಕೂತಿದ್ರೆ ಬಾಡಿಗೆ ಒಂದು ತೂತೂ ಇಲ್ಲ, ಇರ್ಲಿ. ಕ್ಯಾರಿಯರ್‌ನ ಊರಿಗೆ ಹೋಗುವಾಗ ಹಾಕು, ಬಂದ ಮೇಲೆ ಬಿಚ್ಚು, ಕ್ಲ್ಯಾಂಪಿನ ಅಡಿಗೆ ದಪ್ಪ ರಬ್ಬರ್ ಕೊಡು. ಬಿಚ್ಚೋ ಮೊದ್ಲು ಪ್ರತಿಯೊಂದರ ಫೋಟೋ ತೆಗಿ, ಸ್ಕ್ರೂ ಸಮೇತ ಬೇರೆ ಬೇರೆ ಚೀಲದಲ್ಲಿ ಹಾಕಿ ಹೆಸರು ಬರೆದಿಡು. ಮತ್ತೆ ಇನ್ನೊಂದು, ಮಳೆಗಾಲಕ್ಕೆ ಮುಂಚೆ ಗಾಡಿಯ ತಳಕ್ಕೆ ಎಂಜಿನ್ನಿನ ಸುಟ್ಟ ಆಯಿಲ್ ಹೊಡೆಸೋ ಹಳೇ ಪದ್ಧತಿ ನಮ್ ಕಡೆ ಇತ್ತು, ನಾವೂ ಹೊಡೆದಿದ್ದೇವೆ. ಆ ಆಯಿಲ್ ರಬ್ಬರ್ ಬುಶ್‌ಗಳನ್ನ ಉಬ್ಬಿಸಿ ಹಾಳು ಮಾಡ್ತದೆ. ತುಕ್ಕು ಪೂರ್ತಿ ತೆಗೆಸಿ ಎಪಾಕ್ಸಿ ಪ್ರೈಮರ್, ಅದರ ಮೇಲೆ ಅಂಡರ್‌ಕೋಟ್, ಬಾಗಿಲ ಕೆಳಗಿನ ನೀರು ಹೋಗೋ ತೂತು ಮಾತ್ರ ಮುಚ್ಚಬಾರ್ದು.

ಬೇಲೇಕೇರಿಯವಳು:

ಆಯಿ ಕೇಳಿದ ಪ್ರಶ್ನೆ ಓದಿ ಬರೀಲೇಬೇಕು ಅನ್ನಿಸ್ತು. ನಮ್ಮಪ್ಪ ಅಂಕೋಲಾದಲ್ಲಿ ಟ್ಯಾಕ್ಸಿ ಓಡಿಸ್ತಿದ್ರು, ಅಂಬಾಸಿಡರ್. ಆ ಗಾಡಿ ಮಾರಿ ಎಷ್ಟೋ ವರ್ಷ ಆಯ್ತು, ನಮ್ಮತ್ರ ಈಗ ಉಳಿದಿರೋದು ಅದರ ಡ್ಯಾಶ್‌ಬೋರ್ಡ್ ಫ್ಯಾನ್ ಒಂದೇ. ಅದನ್ನ ನಾನು ಎಣ್ಣೆ ಬಿಟ್ಟು ಇಟ್ಕೊಂಡಿದೀನಿ. ಬಾನೆಟ್ ಆಗ್ಲಿ ಬಂಪರ್ ಆಗ್ಲಿ ಹಾಗೆ ನೆನಪಾಗೋದಿಲ್ಲ ನಂಗೆ, ಆ ಫ್ಯಾನ್ ಸದ್ದು ಕೇಳಿದ್ರೆ ಏಪ್ರಿಲ್ ತಿಂಗಳ ಬೆವರು, ಮುಂದಿನ ಸೀಟಲ್ಲಿ ಅಪ್ಪನ ಪಕ್ಕ ಕೂತಿದ್ದು, ಎಲ್ಲ ಬರ್ತದೆ.

ಬನವಾಸಿ ರೋಡ್ ಅಣ್ಣ ಹೇಳೋ ಒರಿಜಿನಲ್ ಅನ್ನೋದು 1972ರಲ್ಲಿ ಬೊಂಬಾಯಿ ಕುರ್ಲಾದ ಫ್ಯಾಕ್ಟರಿಯಿಂದ ಹೊರಗೆ ಬಂದ ದಿನದ ಗಾಡಿ. ಆ ಗಾಡೀನ ಇವ್ರ ಮನೇಲಿ ಯಾರೂ ನೋಡೇ ಇಲ್ಲ, ಇವ್ರ ಮನೆಗೆ ಬಂದಿದ್ದೇ 1981ರಲ್ಲಿ. ಹಾಗಾಗಿ ಯಾವ ವರ್ಷದ ರೂಪಕ್ಕೆ ವಾಪಸ್ ತರೋದು ಅನ್ನೋದನ್ನ ಮನೆಯವ್ರೇ ಆರಿಸ್ಕೋಬೇಕು, ಪೇಂಟರ್ ಅಲ್ಲ. ನನ್ನ ಕೇಳಿದ್ರೆ ಆ ಸೇತುವೆ ಫೋಟೋ ಇದೆಯಲ್ಲ, ಅದೇ ನಿಮ್ಮ ನಕ್ಷೆ. ಅದರಲ್ಲಿ ಇರೋದು ಇರ್ಲಿ, ಆಮೇಲೆ ಸೇರ್ಕೊಂಡಿದ್ದು ಹೋಗ್ಲಿ.

ಪರದೆ ಬಗ್ಗೆ ಮಾತ್ರ ಒಂದು ಎಚ್ಚರ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ಲಾಸಿನ ಮೇಲೆ ಫಿಲ್ಮ್ ಅಂಟಿಸೋದನ್ನ ನಿಲ್ಲಿಸಿದ ಮೇಲೆ ಪೊಲೀಸ್ರು ಪರದೆ ಕಂಡ್ರೂ ನಿಲ್ಲಿಸ್ತಾರೆ, ಹಿಂದೆ ಕಾಣೋದಕ್ಕೂ ಅಡ್ಡ. ಆಯಿ ಹೊಲಿದ ಪರದೇನ ಬಿಸಿಲಿಗೆ ಬಿಟ್ಟು ಹರಿಯೋದಕ್ಕಿಂತ ತೊಳೆದು ಇಸ್ತ್ರಿ ಮಾಡಿ ಮನೇಲಿ ಇಟ್ಕೊಳ್ಳಿ, ಫೋಟೋ ತೆಗೆಯೋ ದಿನ ಹಾಕಿ.

ಹೊನ್ನಾವರ ವೈರಿಂಗ್:

ಮೇಲಿನವ್ರು ತಗಡಿನ ಬಗ್ಗೆ ಎಲ್ಲ ಹೇಳಿದ್ರು, ನಾನು ಕರೆಂಟಿನ ಬಗ್ಗೆ ಹೇಳ್ತೀನಿ ಯಾಕಂದ್ರೆ ಹಳೇ ಗಾಡಿಗೆ ಬೆಂಕಿ ಬೀಳೋದು ಜಾಸ್ತಿ ಇಂಥಾ ಆಮೇಲೆ ಸೇರಿಸಿದ ಸಾಮಾನಿನ ವೈರಿಂಗಿಂದಲೇ. ಫಾಗ್ ಲೈಟು, ಫ್ಯಾನು, ಗಣಪತಿ ಲೈಟು, ಹಾರ್ನು, ಪ್ರತಿಯೊಂದನ್ನೂ ಒಬ್ಬೊಬ್ಬ ಎಲೆಕ್ಟ್ರಿಷಿಯನ್ ಒಂದೊಂದು ವರ್ಷ ಸಿಕ್ಕ ವೈರಿಗೆ ಸುತ್ತಿ ಟೇಪ್ ಹೊಡೆದಿರ್ತಾನೆ, ಟೇಪಿನ ಅಂಟು ಸೆಖೆಗೆ ಕರಗಿ ಬಿಟ್ಟಿರ್ತದೆ, ಒಳಗೆ ತಾಮ್ರ ಹಸಿರಾಗಿರ್ತದೆ.

ಲೆಕ್ಕ ನೋಡಿ, 55 ವಾಟ್‌ನ ಎರಡು ಬಲ್ಬ್ ಅಂದ್ರೆ 110 ವಾಟ್, 12 ವೋಲ್ಟಿಗೆ 9 ಆಂಪಿಯರ್ ಮೇಲೆ. ಅಷ್ಟು ಕರೆಂಟ್ ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ ಮೂಲಕ ಹೋಗ್ಬಾರ್ದು, ಸ್ವಿಚ್ ಬಿಸಿಯಾಗಿ ಕರಗ್ತದೆ. ಒಂದು ರಿಲೇ ಹಾಕ್ಸಿ, ಅಂದ್ರೆ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು. ರಿಲೇ ಮೇಲೆ ನಂಬರ್ ಇರ್ತದೆ, 30ಕ್ಕೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಲೈಟಿಗೆ, 86ಕ್ಕೆ ಸ್ವಿಚ್ಚು, 85 ಅರ್ತಿಂಗ್. ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ರ ಇದ್ರೆ ಅಷ್ಟು ಒಳ್ಳೇದು. ನಮ್ ಕಡೆ ಲೈಟ್ ಮಂಕಾದ್ರೆ ಬಲ್ಬ್ ಬದಲಾಯ್ಸ್ತಾರೆ, ಹತ್ತರಲ್ಲಿ ಎಂಟು ಸಲ ತಪ್ಪು ಇರೋದು ಅರ್ತಿಂಗಲ್ಲಿ, ಉಪ್ಪುಗಾಳಿಗೆ ಅರ್ತಿಂಗ್ ಬೋಲ್ಟ್ ಕೆಳಗೆ ತುಕ್ಕು ಹಿಡಿದಿರ್ತದೆ, ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಿ ಬಿಗೀರಿ.

ಬ್ಯಾಟರಿ ಚಾರ್ಜ್ ಮಾಡೋಕೆ ನಿಮ್ಮ ಗಾಡೀಲಿ ಹಳೇ ಕಾಲದ ಡೈನಮೋ ಇದೆಯಾ, ಇಲ್ಲ ಹೊಸ ನಮೂನೆ ಆಲ್ಟರ್ನೇಟರ್ ಹಾಕ್ಸಿದಾರಾ? ಡೈನಮೋ ಆದ್ರೆ ಐಡಲ್‌ನಲ್ಲಿ ಅದು ಚಾರ್ಜ್ ಕೊಡೋದು ಇಲ್ಲ ಅನ್ನುವಷ್ಟು ಕಮ್ಮಿ. ಮಳೆ ರಾತ್ರಿ ಘಾಟಲ್ಲಿ ಲಾರಿ ಸಾಲು ನಿಂತಾಗ ಹೆಡ್‌ಲೈಟು, ವೈಪರು, ಫಾಗ್ ಲೈಟು, ಫ್ಯಾನು ಎಲ್ಲ ಒಟ್ಟಿಗೆ ಹಾಕಿದ್ರೆ ಬ್ಯಾಟರಿ ಇಳೀತಾ ಹೋಗ್ತದೆ. ನಿಂತಾಗ ಫಾಗ್ ಲೈಟ್ ಆಫ್ ಮಾಡೋ ಅಭ್ಯಾಸ ಇಟ್ಕೊಳ್ಳಿ.

ಮ್ಯೂಸಿಕ್ ಹಾರ್ನ್ ಬೇಡ. ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಬರೋ ಹಾರ್ನಿಗೆ ಮೋಟಾರು ವಾಹನ ನಿಯಮದಲ್ಲೇ ಅವಕಾಶ ಇಲ್ಲ. ಬಂಪರ್ ಪೈಪ್ ಗಾರ್ಡ್ ಬಗ್ಗೆನೂ ಹೇಳ್ಬೇಕು, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಇಲಾಖೆ ಎಲ್ಲ ರಾಜ್ಯಕ್ಕೂ ಪತ್ರ ಬರೆದು ಕ್ರ್ಯಾಶ್ ಗಾರ್ಡ್ ತೆಗೆಸಿ ಅಂದಿದೆ, ನಡ್ಕೊಂಡು ಹೋಗೋರಿಗೆ ತಾಗಿದ್ರೆ ಪೆಟ್ಟು ಭಾರಿ. ಕಾನೂನು ಒಂದು ಕಡೆ ಇರ್ಲಿ, ಹೆದ್ದಾರಿ ಪಕ್ಕ ಶಾಲೆ ಮಕ್ಕಳು ಹೋಗೋ ಊರು ನಮ್ಮದು, ಅದನ್ನ ತೆಗೆದ್ಬಿಡಿ.

ಕೋಡಿಬಾಗ ಫಿಯೆಟ್ (ಕಾರವಾರ):

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ಭಾನುವಾರ ಇಡೀ ದಿನ ಶೆಡ್‌ನಲ್ಲಿ ಕೂತು ಕುಮಟಾದವ್ರು ಹೇಳಿದ ಹಾಗೇ ಫೋಟೋ ತೆಗೀತಾ ಒಂದೊಂದೇ ಬಿಚ್ಚಿದೆ, ತಂಗಿ ಚೀಲದ ಮೇಲೆ ಹೆಸರು ಬರೆದ್ಲು.

ಎಡಗಡೆ ಹಿಂದಿನ ಮಡ್‌ಗಾರ್ಡ್ ಪಟ್ಟಿ ತೆಗೆದಾಗ ಕೈ ನಡುಗಿತು. ಹೊರಗಿಂದ ಏನೂ ಗೊತ್ತಾಗ್ತಿರ್ಲಿಲ್ಲ, ಪಟ್ಟಿ ಬಂದ ಕೂಡ್ಲೇ ಅದರ ಹಿಂದಿಂದ ಒಣ ಮಣ್ಣು ಬೊಗಸೆಯಷ್ಟು ಬಿತ್ತು, ಅಂಚಿನ ತಗಡು ಗೇಣುದ್ದ ಹೋಗಿದೆ. ಬಲಗಡೆದು ಪರವಾಗಿಲ್ಲ. ಗಟರಲ್ಲಿ ಎರಡು ಕಡೆ ಸೀಲರ್ ಒಡೆದಿದೆ, ಸರಿಯಾಗಿ ಅದರ ಕೆಳಗೇ ರನ್ನಿಂಗ್ ಬೋರ್ಡಲ್ಲಿ ತೂತು. ರಬ್ಬರ್ ಮ್ಯಾಟ್ ಇತ್ತು, ಎತ್ತಿದೆ, ಡ್ರೈವರ್ ಕಡೆ ಫ್ಲೋರ್ ಪ್ಯಾಚ್ ಬೇಕು, ಬಾಕಿ ಗಟ್ಟಿ ಇದೆ. ಡೈನಮೋ ಇದೆ. ಫಾಗ್ ಲೈಟ್ ವೈರ್‌ಗೆ ಫ್ಯೂಸೇ ಇರ್ಲಿಲ್ಲ, ಇಷ್ಟು ವರ್ಷ ನಾವೆಲ್ಲ ಅದರಲ್ಲೇ ಕೂತು ಹೋಗಿದ್ದೀವಲ್ಲ ಅಂತ ಈಗ ಭಯ ಆಗ್ತಿದೆ.

ಆಯಿಗೆ ಆ ತುಕ್ಕು ಹಿಡಿದ ಅಂಚು ತೋರ್ಸಿದೆ. ಸ್ವಲ್ಪ ಹೊತ್ತು ಕೈಯಲ್ಲಿ ಮುಟ್ಟಿ ನೋಡಿ, "ಇದು ಅವ್ರಿಗೆ ಗೊತ್ತಿದ್ರೆ ಅವ್ರೇ ಕಿತ್ತು ಹಾಕ್ತಿದ್ರು" ಅಂದ್ರು. ಅಲ್ಲಿಗೆ ತೀರ್ಮಾನ ಆದ ಹಾಗೆ. ಕ್ರೋಮ್ ಪಟ್ಟಿ, ಬೀಡಿಂಗ್, ಬಿಳಿ ರಿಂಗ್, ಪೈಪ್ ಗಾರ್ಡ್, ಮ್ಯೂಸಿಕ್ ಹಾರ್ನ್ ಹೋಗ್ತವೆ, ಅಂದ್ರೆ ಅಟ್ಟಕ್ಕೆ. ಹಳದಿ ಲೈಟು ರಿಲೇ ಹಾಕ್ಸಿ ಅದೇ ಜಾಗದಲ್ಲಿ, ನೋಡಿದೆ, ಬ್ರಾಕೆಟ್ ಬಂಪರ್ ಬೋಲ್ಟಲ್ಲೇ ಇದೆ. ಫ್ಯಾನು, ಗಣಪತಿ ಇರ್ತವೆ. ಕ್ಯಾರಿಯರ್ ಬಿಚ್ಚಿ ಹಾಕೋ ಹಾಗೆ ಮಾಡ್ಸ್ತೀನಿ. ಪಟ್ಟಿ ಆ ಫೋಟೋದಲ್ಲಿ ಇತ್ತು, ಅದೊಂದು ವಿಷಯದಲ್ಲಿ ಬೇಲೇಕೇರಿ ಅಕ್ಕನ ನಕ್ಷೆ ಬಿಟ್ಟು ಹೋಗ್ತಿದೀನಿ. ವಿಂಟೇಜ್ ರಿಜಿಸ್ಟ್ರೇಶನ್ ಮಾಡ್ಸೋದಿಲ್ಲ, ನಮಗೆ ಓಡ್ಸೋ ಗಾಡಿ ಬೇಕು.

ಎರಡು ಪ್ರಶ್ನೆ ಉಳೀತು. ಬಂಪರ್ ಕ್ರೋಮ್ ಮೇಲೆ ಸಾಸಿವೆ ಕಾಳಿನ ಹಾಗೆ ಕಂದು ಚುಕ್ಕೆ ಬಂದಿದೆ, ಅದನ್ನ ಹೊಸದಾಗಿ ಪ್ಲೇಟಿಂಗ್ ಮಾಡ್ಸಲೇಬೇಕಾ? ಮತ್ತೆ ಕ್ಯಾರಿಯರ್ ಕಾಲಿನ ಅಡಿಗೆ ಎಂಥಾ ರಬ್ಬರ್ ಹಾಕೋದು?

ಕುಮಟಾ ಟಿಂಕರ್:

ಚುಕ್ಕೆ ಮಾತ್ರ ಇದ್ರೆ ಈಗ್ಲೇ ಪ್ಲೇಟಿಂಗಿಗೆ ಕೊಡ್ಬೇಡ. ಮೇಲಿನ ಕ್ರೋಮ್ ಒಂದು ಮೈಕ್ರಾನ್‌ಗಿಂತ ತೆಳು, ಅದರ ಕೆಳಗೆ ನಿಕ್ಕಲ್ ಇರ್ತದೆ, ತುಕ್ಕಿನಿಂದ ಕಬ್ಬಿಣ ಕಾಯೋದು ಆ ನಿಕ್ಕಲ್ಲು. ಅಡಿಗೆಮನೆ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಮೆತ್ತಗೆ ಉಜ್ಜು, ಚುಕ್ಕೆ ಹೋಗ್ತದೆ. ಮರಳು ಕಾಗದ ಮಾತ್ರ ಮುಟ್ಟಿಸ್ಬೇಡ. ಆಮೇಲೆ ಸಿಹಿನೀರಲ್ಲಿ ತೊಳೆದು ಒಣಗ್ಸಿ ವ್ಯಾಕ್ಸ್ ಹಚ್ಚು, ಬಂಪರಿನ ಒಳಮೈಗೂ ಪ್ರೈಮರ್ ಹೊಡಿ, ಕ್ರೋಮ್ ಇರೋದು ಹೊರಗಷ್ಟೇ, ಕೊಳೆಯೋದು ಹಿಂದಿನಿಂದ. ಪೊರೆ ಎದ್ದು ಬರ್ತಾ ಇದ್ರೆ ಮಾತ್ರ ಪ್ಲೇಟಿಂಗ್, ಆಗ ತಾಮ್ರ, ನಿಕ್ಕಲ್ ಎರಡೂ ಸರಿಯಾಗಿ ಕೊಡೋರ ಹತ್ರ ಹೋಗು.

ಕಾಲಿಗೆ ಲಾರಿ ಟ್ಯೂಬ್ ಕತ್ತರಿಸಿ ಎರಡು ಮಡಿಕೆ ಹಾಕಿದ್ರೆ ಸಾಕು. ಊರಿಂದ ಬಂದ ದಿನಾನೇ ಬಿಚ್ಚಿ ಒಣಗಿಸು, ಒದ್ದೆ ಟ್ಯೂಬ್ ಗಟರಲ್ಲಿ ಬಿಡ್ಬೇಡ. ಎಡಗಡೆ ಅಂಚಿಗೆ ಪುಟ್ಟಿ ತುಂಬೋಕೆ ಬಿಡ್ಬೇಡ, ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡ್ಸು, ಪುಟ್ಟಿ ಎಳೆಯೋ ಮೊದ್ಲು ನೀನೇ ಹೋಗಿ ನಿಂತು ನೋಡು.

ಬನವಾಸಿ ರೋಡ್ (ಶಿರಸಿ):

ತೀರ್ಮಾನ ಒಳ್ಳೇದಾಯ್ತು. ಫಾಗ್ ಲೈಟ್ ವಿಷಯದಲ್ಲಿ ನನ್ನ ಮಾತು ವಾಪಸ್ ತಗೋತೀನಿ, ಡಿಸೆಂಬರ್ ಬೆಳಿಗ್ಗೆ ದೇವಿಮನೆ ಮಂಜಲ್ಲಿ ಗಾಡಿ ಇಳ್ಸಿದವ್ರಿಗೆ ಅದು ಅಲಂಕಾರ ಅಲ್ಲ ಅಂತ ಗೊತ್ತು. ಡೈನಮೋ ಬ್ರಶ್ ಸವೆದಿದ್ರೆ ಹೇಳಿ, ನನ್ನತ್ರ ಹೊಸ ಜೊತೆ ಒಂದಿದೆ, ನಿಮ್ಮದಕ್ಕೆ ಹೊಂದ್ತದಾ ಅಂತ ಅಳತೆ ನೋಡಿ ಕಳಿಸ್ತೀನಿ. ಮುಂದಿನ ಜಾತ್ರೆಗೆ ಗಾಡಿ ತಗೊಂಡೇ ಬನ್ನಿ, ಆಯಿನೂ ಕರ್ಕೊಂಡು ನಮ್ಮನೇಲಿ ಊಟಕ್ಕೆ ನಿಲ್ಲಿ.